ಲುಬೋವಾನ ಕೂದಲು

"ಇದು ಬೇಡ, ಹಲ್ಲು ಚುಚ್ತವೆ," ಎಂದು ಲುಬೋವಾ ತಲೆಯನ್ನು ಹಿಂದಕ್ಕೆಳೆದುಕೊಂಡ.

"ಚುಚ್ಚಿದ್ರೇನೇ ಕೂದಲು ನಿಲ್ಲೋದು," ಎಂದಳು ನಕಿತ್ತೋ. ಕರಿ ಹೇರ್‌ಬ್ಯಾಂಡನ್ನು ಅವನ ಹಣೆಯಿಂದ ಹಿಂದಕ್ಕೆ ಒತ್ತಿ ತಳ್ಳಿದಳು. ಈ ತಲೆಗಾಗಿ ಅವಳು ಎರಡು ವರ್ಷ ಕಾದಿದ್ದಳು.

ಎರಡು ವರ್ಷವೂ ಅವನು ಬೋಳುತಲೆಯಲ್ಲೇ ಕಂಪಾಲಾ ತಿರುಗಿದ್ದ. ಈಗ ಅವನ ವಾದ್ಯತಂಡದ ಯಜಮಾನನಿಗೆ ಹೊಸ ಹುಚ್ಚು ಹಿಡಿದಿತ್ತು. ವೇದಿಕೆ ಹತ್ತುವವರೆಲ್ಲ ಜಟೆ ಬಿಡಬೇಕಂತೆ. ಲುಬೋವಾನ ಕೂದಲು ಸದ್ಯ ಕಟ್ಟಲು ಗಿಡ್ಡ, ಬಿಡಲು ಉದ್ದ. ಕಿವಿಯ ಮೇಲೆಲ್ಲ ಕೆದರಿ ನಿಂತಿತ್ತು. ಮುಂದಿನ ತಿಂಗಳು ಅವನು ಹೆಣ್ಣಿನ ಮನೆಯಲ್ಲಿ, ಎರಡೂ ಕುಲದವರ ಮುಂದೆ, ವರನಾಗಿ ಕೂರಬೇಕಿತ್ತು. ಈ ತಲೆ ಹೊತ್ತು ಬಂದರೆ ಬಾಗಿಲಲ್ಲೇ ನಿಲ್ಲಿಸುತ್ತೇನೆಂದು ಹೆಣ್ಣಿನ ಸೋದರತ್ತೆ ಹೇಳಿಕಳಿಸಿದ್ದಳು.

ಅವನನ್ನು ನಕಿತ್ತೋಳ ಕೂದಲು ಸಿಂಗರಿಸುವ ಅಂಗಡಿಗೆ ಎಳೆತಂದವನು ಗೆಳೆಯ ಕಿಬೂಕಾ. ಅದೇ ತಂಡದಲ್ಲಿ ಡೋಲು ಬಾರಿಸುವವನು. ಅವನ ತಲೆಯದೂ ಅದೇ ಗತಿ. ತಾನೂ ಒಂದು ಕರಿ ಹಲ್ಲಿನ ಹೇರ್‌ಬ್ಯಾಂಡ್ ಸಿಕ್ಕಿಸಿಕೊಂಡು ಸೊಂಟ ಕುಣಿಸಿದ.

"ಹೇಗಿದೀನಿ ಅಕ್ಕಾ?"

"ಮದುವೆಗೆ ಹೊರಟ ಟಗರಿನ ಹಾಗೆ."

"ನಾನಾದ್ರೂ ಟಗರು. ಇವನನ್ನ ನೋಡು, ಕಾವಿಗೆ ಕೂತ ಕೋಳಿ!"

ಲುಬೋವಾ ನಗಲಿಲ್ಲ. ಈ ಅಂಗಡಿಯಲ್ಲಿ ಅವನಿಗೆ ನಗು ಬರುವುದು ಸಾಧ್ಯವೂ ಇರಲಿಲ್ಲ.

ನಕಿತ್ತೋಳ ತಂಗಿ ಫೀಬಿ ಅವನ ಜೊತೆ ಬಾಳಿದವಳು. ಮಗು ಹುಟ್ಟಿದಾಗ ಅವನ ಕುಲದ ಹಿರಿಯರು ಪದ್ಧತಿಯಂತೆ ಒಣಗಿದ ಹೊಕ್ಕುಳಬಳ್ಳಿಯನ್ನು ನೀರಿಗೆ ಹಾಕಿದರು. ತೇಲಿದರೆ ಮಗು ಕುಲದ್ದು, ಹೆಸರು ಸಿಗುತ್ತದೆ. ಬಳ್ಳಿ ಮುಳುಗಿತು. ತಾಯಿಯನ್ನೂ ಮಗುವನ್ನೂ ಅಂದೇ ಹೊರಗಟ್ಟಿದರು. ಆರು ತಿಂಗಳಲ್ಲಿ ಫೀಬಿ ಜ್ವರ ಬಂದು ಸತ್ತಳು.

ಲುಬೋವಾನೇ ಬಳ್ಳಿಯೊಳಗೆ ಸೀಸದ ಚೂರು ತುರುಕಿದ್ದಾನೆ ಎಂದು ನಕಿತ್ತೋ ತೀರ್ಮಾನಿಸಿಬಿಟ್ಟಳು. ಫೀಬಿ ಮಾತ್ರ ಸಾಯುವವರೆಗೂ ಅವನಿಗೊಂದು ಬೈಗುಳ ಹಾಕಲಿಲ್ಲ. ಕೇಳಿದರೆ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು. ಅದನ್ನು ನೋಡಿ ಅಕ್ಕನ ಹೊಟ್ಟೆ ಇನ್ನಷ್ಟು ಉರಿಯುತ್ತಿತ್ತು. ಈಗ ಮಗುವಿಗೆ ಎರಡು ದಾಟಿದೆ. ಕುಲವಿಲ್ಲ, ಕುಲದ ಹೆಸರಿಲ್ಲ. ಕೇರಿಯ ಮಕ್ಕಳು ಅದನ್ನು 'ಯಾರದ್ದೋ' ಎಂದೇ ಕರೆಯುತ್ತಾರೆ. ಆ ಕೂಗು ಕಿವಿಗೆ ಬಿದ್ದಾಗಲೆಲ್ಲ ನಕಿತ್ತೋಳಿಗೆ ಒಬ್ಬನ ಕತ್ತು ಹಿಸುಕಬೇಕೆನಿಸುತ್ತಿತ್ತು.

ಆ ಕಡೆಯವರಲ್ಲಿ ಮನುಷ್ಯತ್ವ ಉಳಿದಿದ್ದುದು ಕಿಬೂಕಾನಲ್ಲಿ ಮಾತ್ರ. ಗೆಳೆಯನ ಪರವಾಗಿ ನಾಚಿಕೊಂಡವನಂತೆ ಶನಿವಾರಕ್ಕೊಮ್ಮೆ ಹಾಲು, ಸಕ್ಕರೆ ತಂದಿಡುತ್ತಿದ್ದ. "ಸಿಟ್ಟು ಇಳಿದಿದೆ, ಅವನನ್ನ ಕರ್ಕೊಂಡು ಬಾ, ತಲೆ ಸರಿ ಮಾಡಿಕೊಡ್ತೀನಿ," ಎಂದು ನಕಿತ್ತೋ ಹೇಳಿದಾಗ ನಂಬಿಬಿಟ್ಟ ಬಡಪಾಯಿ.

ಇಬ್ಬರೂ ಹೇರ್‌ಬ್ಯಾಂಡ್ ಕಿತ್ತು ಹಲಗೆಯ ಮೇಲಿಟ್ಟರು. ಲುಬೋವಾನ ಕಣ್ಣು ಅಲ್ಲೇ ನೆಟ್ಟಿತು. ಹಲ್ಲುಗಳ ನಡುವೆ ನಾಲ್ಕಾರು ಕೂದಲು ಬುಡಸಮೇತ ಕಿತ್ತುಬಂದಿದ್ದವು. ಕ್ಷೌರ ಮಾಡಿಸಿಕೊಂಡವರು ತಮ್ಮ ಕೂದಲನ್ನು ಕಾಗದದಲ್ಲಿ ಕಟ್ಟಿಕೊಂಡು ಮನೆಗೊಯ್ಯುವ ಊರು ಇದು. ಆಗದವರ ಕೈಗೆ ಸಿಕ್ಕರೆ ಅದು ನೆಟ್ಟಗೆ ಮಾಟಗಾರನ ಮನೆ ಸೇರುತ್ತದೆ.

ನಕಿತ್ತೋ ತಲೆಗೆ ಕಟ್ಟುವ ಬಟ್ಟೆಯ ಪಟ್ಟಿ ತೆಗೆಯಲು ಹಿಂದೆ ತಿರುಗಿದಳು. ಮತ್ತೆ ಇತ್ತ ತಿರುಗುವಷ್ಟರಲ್ಲಿ ಲುಬೋವಾ ತಾನಾಗಿ ಹೇರ್‌ಬ್ಯಾಂಡನ್ನು ಎರಡೂ ಕೈಯಲ್ಲಿ ಹಿಡಿದು ನೀಡುತ್ತಿದ್ದ.

"ತಗೋ ಅಕ್ಕಾ. ನನಗೆ ಬಟ್ಟೇದೇ ಸಾಕು."

ಈ ಮರ್ಯಾದೆ ಅವನಿಗೆ ಯಾವಾಗ ಬಂತೋ! ಕೂದಲು ಹಲ್ಲಿನಲ್ಲೇ ಇದ್ದವು. ಅವಳಿಗೆ ಅಷ್ಟು ಸಾಕಿತ್ತು.

ನಕಿತ್ತೋ ಮಾಟಗಾರನ ಬಳಿ ಹೋಗಲಿಲ್ಲ. ಹೊಲಿಗೆ ಯಂತ್ರ ಮಾರಿ, ಕೂದಲನ್ನೂ ಮಗುವನ್ನೂ ಡಿಎನ್‌ಎ ಪರೀಕ್ಷೆ ಮಾಡುವಲ್ಲಿಗೆ ಒಯ್ದಳು. ಮೂರು ವಾರಕ್ಕೆ ಕಾಗದ ಬಂತು. ಈ ಕೂದಲಿನವನೇ ಈ ಮಗುವಿನ ತಂದೆ. ಅವಳು ಅದನ್ನು ಎದೆಗೊತ್ತಿಕೊಂಡು ಗಟ್ಟಿಯಾಗಿ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಅವನ ಶುಭದಿನಕ್ಕಾಗಿ ಕಾದಳು.

ಅಂದು ಅಂಗಳದಲ್ಲಿ ಎರಡು ಡೇರೆ ಎದುರುಬದುರು. ಒಂದರಲ್ಲಿ ಹೆಣ್ಣಿನ ಕುಲ, ಇನ್ನೊಂದರಲ್ಲಿ ಗಂಡಿನ ಕುಲ. ನಡುವೆ ಉಡುಗೊರೆಯ ಬುಟ್ಟಿಗಳ ಸಾಲು. ಲುಬೋವಾ ಬಿಳಿ ನಿಲುವಂಗಿಯಲ್ಲಿ, ತಲೆಗೆ ಬಟ್ಟೆಯ ಪಟ್ಟಿ ಕಟ್ಟಿ, ಹಸುಗೂಸಿನಂತೆ ಕೂತಿದ್ದ. ನಕಿತ್ತೋ ಮಗುವನ್ನು ಗಂಡಿನ ಡೇರೆಯ ಬಳಿ ನಿಂತಿದ್ದ ಕಿಬೂಕಾನ ತೋಳಿಗೆ ದಾಟಿಸಿದಳು.

"ಸ್ವಲ್ಪ ಹಿಡ್ಕೋ. ನಿನ್ನ ಗೆಳೆಯನ ಹತ್ರ ಒಂದು ಮಾತಿದೆ."

ಬುಟ್ಟಿಗಳನ್ನು ದಾಟಿ ನಡುವೆ ನಿಂತು ಅವಳು ಕಾಗದವನ್ನು ಗಟ್ಟಿಯಾಗಿ ಓದಿದಳು. "ನನ್ನ ತಂಗೀನ ಸೂಳೆ ಅಂದ್ರಿ. ಅವಳನ್ನ ಕೊಂದ್ರಿ. ಈಗ ಹೇಳ್ರೋ, ಮಗು ಯಾರದ್ದು?"

ಗಂಡಿನ ಕುಲದ ಹಿರಿಯ ತಲೆ ತಗ್ಗಿಸಿದ. ಸೋದರತ್ತೆ ಎದ್ದು ಒಂದೊಂದೇ ಬುಟ್ಟಿಯನ್ನು ಗಂಡಿನ ಡೇರೆಯ ಕಡೆಗೆ ಕಾಲಿನಿಂದ ತಳ್ಳತೊಡಗಿದಳು. ಎರಡು ವರ್ಷದಲ್ಲಿ ಮೊದಲ ಬಾರಿ ನಕಿತ್ತೋಳ ಎದೆ ತಣ್ಣಗಾಯಿತು.

ಲುಬೋವಾ ಕಾಗದ ಕಿತ್ತುಕೊಂಡು ಎರಡು ಸಲ ಓದಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ.

"ಯಾವ ಕೂದಲು ಇದು?"

"ನನ್ನ ಅಂಗಡೀಲಿ ನೀನೇ ಕೈಯಾರೆ ಕೊಟ್ಟೆಯಲ್ಲೋ, ಅದೇ!"

ಅವನು ಅವಳ ಭುಜದಾಚೆ, ಮಗುವನ್ನು ಎತ್ತಿಕೊಂಡು ನಿಂತವನನ್ನು ಬಹಳ ಹೊತ್ತು ನೋಡಿದ.

"ನೀನು ಮಾಟ ಮಾಡಿಸ್ತೀಯ ಅಂತ ಹೆದರಿ, ನಂದನ್ನ ಜೇಬಿಗಿಳಿಸಿ, ಕಿಬೂಕಾ ಹಾಕ್ಕೊಂಡಿದ್ದನ್ನ ನಿನ್ನ ಕೈಗೆ ಕೊಟ್ಟಿದ್ದೆ ಅಕ್ಕಾ."