ಆರೂವರೆಯ ಬಸ್ಸು

"ಈಗ ಸಮಯ ಆರು ಗಂಟೆ ಹದಿನೈದು ನಿಮಿಷ," ಎಂದು ಮೈಕಿಗೆ ಹೇಳಿ ಊರಿನ ರೇಡಿಯೋ ಕೇಂದ್ರದ ಉದ್ಘೋಷಕಿ ಸಾಲಾಗಿ ಹಾಡುಗಳನ್ನು ಹಾಕಿದಳು. ಹನ್ನೊಂದು ವರ್ಷದಿಂದ ಊರನ್ನು ಎಬ್ಬಿಸುತ್ತಿದ್ದ ದನಿ ಅದು. ಹೇಳಿದ್ದು ಎಂದಿನಂತೆ ಸ್ಪಷ್ಟವಾಗಿತ್ತು, ಇಂಪಾಗಿತ್ತು, ಮತ್ತು ಅಪ್ಪಟ ತಪ್ಪಾಗಿತ್ತು. ಆಗ ನಿಜವಾಗಿ ಐದೂಮುಕ್ಕಾಲು.

ತಪ್ಪಿನಲ್ಲಿ ಅವಳದು ಅರ್ಧ, ಬಣ್ಣ ಬಳಿಯುವವನದು ಅರ್ಧ. ಅವನು ಹಿಂದಿನ ದಿನ ಸ್ಟುಡಿಯೋದ ಎದುರುಗೋಡೆಯ ಗಡಿಯಾರವನ್ನು ತೆಗೆದು ಅವಳ ಬೆನ್ನ ಹಿಂದಿನ ಗೋಡೆಗೆ ನೇತುಹಾಕಿ ಹೋಗಿದ್ದ. ಅವಳ ಮುಂದಿದ್ದದ್ದು ಗಾಜಿನ ಕಿಟಕಿ. ಆಚೆಯ ಯಂತ್ರದ ಕೋಣೆಯಲ್ಲಿ ದೀಪ ಆರಿದ್ದರಿಂದ ಗಾಜೇ ಕನ್ನಡಿಯಾಗಿತ್ತು. ಅಂಕಿಗಳಿಲ್ಲದ, ಬರೀ ಗೆರೆಗಳ ಗಡಿಯಾರ. ಎಡಗಡೆಯ ಮುಳ್ಳು ಬಲಗಡೆ ಕಂಡಿತು, ಅವಳು ಕಂಡದ್ದನ್ನೇ ಓದಿದಳು. ಬೆಳಗಿನ ಪ್ರಸಾರ ಶುರುವಾಗಿ ಕಾಲು ಗಂಟೆಯಷ್ಟೇ ಆಗಿದೆ ಎಂಬ ಪರಿವೆಯೂ ಅವಳಿಗಿರಲಿಲ್ಲ. ರಾತ್ರಿಯಿಡೀ ಕಣ್ಣಿಗೆ ಕಣ್ಣು ಹತ್ತಿರಲಿಲ್ಲ. ಬಂದು ಆರು ತಿಂಗಳಾಗಿದ್ದ ಕೇಂದ್ರದ ಸಾಹೇಬರು ಈ ದಿನ ರಾಜಧಾನಿಗೆ ಹೋಗಿ ವರದಿ ಒಪ್ಪಿಸುವವರಿದ್ದರು: "ಬೆಳಗಿನ ಸ್ಥಳೀಯ ಪ್ರಸಾರಕ್ಕೆ ಕೇಳುಗರಿಲ್ಲ. ನಿಲ್ಲಿಸಬಹುದು." ನಲ್ಲಿಯಲ್ಲಿ ನೀರು ಬಿಡುವ ಹೊತ್ತು, ಆಸ್ಪತ್ರೆಗೆ ತುರ್ತಾಗಿ ಬೇಕಾದ ರಕ್ತ, ತಪ್ಪಿಸಿಕೊಂಡ ಎಮ್ಮೆ, ಎಲ್ಲಕ್ಕೂ ಮಂಗಳ ಹಾಡಿ ರಾಜಧಾನಿಯ ಪ್ರಸಾರವನ್ನೇ ಇಲ್ಲೂ ಕೇಳಿಸುವುದು. ಅವಳ ಕೆಲಸಕ್ಕೂ ಅಲ್ಲಿಗೇ ಮಂಗಳ.

ಜನರೇಟರ್ ನೋಡಲು ಹೋಗಿದ್ದ ಎಂಜಿನಿಯರ್ ಏದುಸಿರು ಬಿಡುತ್ತಾ ಒಳಗೆ ನುಗ್ಗಿದ. "ತಂಗೀ, ಟೈಮ್ ಎಷ್ಟು ಅಂದೆ? ಗೇಟಲ್ಲಿ ಕಾವಲಿನವನು ಆರೂಕಾಲು ದಾಟಿದೆ ಅಂತಿದಾನೆ!"

"ಆರೂಕಾಲು ಅಂತಾನೇ ಹೇಳಿದ್ದು ಅಣ್ಣಾ."

"ಆರೂಕಾಲು ಇನ್ನೂ ದಾರೀಲಿದೆ ಕಣಮ್ಮಾ! ಈಗ ಆರು ಹೊಡೀತಿದೆ!"

ಅವಳು ಹಿಂತಿರುಗಿ ಗಡಿಯಾರ ನೋಡಿದಳು. ಕೂಡಲೇ ಹಾಡು ನಿಲ್ಲಿಸಿ, ಕ್ಷಮೆ ಕೇಳಿ, ಸರಿಯಾದ ಸಮಯ ಹೇಳಿದಳು. ಮತ್ತೆ ಹಾಡು ಹಾಕಿ ತಲೆಯ ಮೇಲೆ ಕೈಹೊತ್ತು ಕೂತಳು. "ಮೊದಲೇ ಮುಳುಗೋ ದೋಣಿ. ನಾನೇ ತೂತು ಕೊರೆದು ಕೊಟ್ಟೆ."

"ಕೇಳೋರೇ ಇಲ್ಲ ಅಂತ ಸಾಹೇಬ್ರೇ ಬರೆದಿದಾರಲ್ಲ, ಯಾರಿಗೆ ಗೊತ್ತಾಗುತ್ತೆ ಬಿಡು," ಎಂದ ಎಂಜಿನಿಯರ್. ಅವನ ಬಾಯಿ ಮುಚ್ಚುವ ಮೊದಲೇ ಫೋನು ಬಡಿದುಕೊಂಡಿತು.

ಹಾಲಿನ ಡೈರಿಯವನು. "ಏನಕ್ಕಾ ನೀವು! ನಿಮ್ಮ ಮಾತು ನಂಬಿ ಅರ್ಧ ಗಂಟೆ ಮುಂಚೆ ಗಾಡಿ ಕಳಿಸ್ಬಿಟ್ಟೆ. ಹೋದ್ರೆ ಜನ ಆಗ್ಲೇ ಪಾತ್ರೆ ಹಿಡ್ಕೊಂಡು ಬಾಗಿಲಲ್ಲಿ ನಿಂತು, ಯಾಕೋ ಲೇಟು ಅಂತ ನನ್ನ ಹುಡುಗನಿಗೇ ಬೈದ್ರಂತೆ!" ಆಮೇಲೆ ಹಾಸ್ಟೆಲಿನ ವಾರ್ಡನ್: "ಐವತ್ತು ಜನ ಹುಡುಗೀರು ಸ್ನಾನ ಮುಗಿಸಿ ತಟ್ಟೆ ಬಡೀತಾ ಕೂತಿದಾರೆ. ನನ್ನ ಒಲೆ ಇನ್ನೂ ಹೊತ್ತಿಲ್ಲ!" ಆಮೇಲೆ ಒಬ್ಬ ಅಜ್ಜಿ: "ನಮ್ಮ ಯಜಮಾನ್ರನ್ನ ಅರ್ಧ ಗಂಟೆ ಮುಂಚೆ ಎಬ್ಬಿಸ್ಬಿಟ್ಟೆ. ಎದ್ದಾಗಿನಿಂದ ಜಗಳ ಆಡ್ತಿದಾರೆ. ನೀನೇ ಬಂದು ಸಮಾಧಾನ ಮಾಡಮ್ಮಾ." ಇಟ್ಟ ಫೋನು ಮತ್ತೆ ಹೊಡೆಯುತ್ತಲೇ ಇತ್ತು. ಪ್ರತಿಯೊಬ್ಬರಿಗೂ ಅವಳು ತಪ್ಪಾಯಿತು ಅಂದಳು, ಆದರೆ ನಗು ತಡೆಯಲಾಗದೆ ಕಣ್ಣಲ್ಲಿ ನೀರು ಬಂತು. ಬೈಸಿಕೊಂಡು ಇಷ್ಟು ಸಂತೋಷವಾದದ್ದು ಅವಳಿಗೆ ಜನ್ಮದಲ್ಲಿ ಇದೇ ಮೊದಲು.

ಆರೂಮುಕ್ಕಾಲಿಗೆ ಸಾಹೇಬರು ಬಾಗಿಲು ತಳ್ಳಿಕೊಂಡು ಬಂದರು. ಕೈಯಲ್ಲಿ ಚರ್ಮದ ಬ್ಯಾಗು, ಅದರೊಳಗೆ ಆ ವರದಿ, ಮುಖ ಕೆಂಡ. "ಆರೂವರೆ ಬಸ್ಸು ಆರಕ್ಕೇ ಹೋಗ್ಬಿಟ್ಟಿದೆ! ಕೇಳಿದ್ರೆ, ರೇಡಿಯೋ ಟೈಮ್ ಪ್ರಕಾರ ಬಿಟ್ವಿ ಅಂತಾನೆ ಸ್ಟ್ಯಾಂಡಿನವನು!"

ಅವಳ ಸಂತೋಷ ಜರ್ರನೆ ಇಳಿಯಿತು. "ಸಾರ್, ಗಡಿಯಾರ..."

"ಗಡಿಯಾರ ಅಲ್ಲ, ನಿಮ್ಮ ಗ್ರಹಚಾರ! ಇದನ್ನೂ ಈ ವರದಿಗೆ ಸೇರಿಸಿ, ಮುಂದಿನ ಬಸ್ಸಿಗೆ ಹೊರಡ್ತೀನಿ ನೋಡಿ."

ಮತ್ತೆ ಫೋನು. ಈ ಸಲ ಸಾಹೇಬರೇ ಎತ್ತಿಕೊಂಡು, ಮರುಕ್ಷಣ ರಿಸೀವರನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದರು. ಬಸ್‌ಸ್ಟ್ಯಾಂಡಿನ ಕಂಟ್ರೋಲರ್. ದಿನವಿಡೀ ಎಂಜಿನ್ನುಗಳ ಸದ್ದಿನ ಮೇಲೆ ಕೂಗಿ ಪಳಗಿದ ಗಂಟಲು. ಕೋಣೆಯಲ್ಲಿದ್ದ ಮೂವರಿಗೂ ಒಂದೊಂದು ಅಕ್ಷರ ಕೇಳಿಸಿತು.

"ರೇಡಿಯೋದವರಾ? ನಮ್ಮ ಗಡಿಯಾರ ದಿನಾ ಹಿಂದೆ ಬೀಳುತ್ತೆ ಸಾರ್, ಅಕ್ಕ ಹೇಳಿದಾಗ್ಲೇ ಸರಿ ಮಾಡ್ಕೊಳ್ಳೋದು. ಅವರು ಇನ್ನೊಂದ್ಸಲ ಟೈಮ್ ಹೇಳ್ಬಿಡ್ಲಿ. ಏಳರ ಬಸ್ಸು ಹೊರಡಿಸ್ಬೇಕು."

"ಅದಿರ್ಲಿ," ಎಂದು ಸಾಹೇಬರು ಪೆನ್ನು ತೆಗೆದರು. "ನಮ್ಮಿಂದಾಗಿ ಆರೂವರೆ ಬಸ್ಸು ಎಷ್ಟು ಜನಕ್ಕೆ ತಪ್ಪೋಯ್ತು? ಸರಿಯಾಗಿ ಹೇಳಿ, ಬರ್ಕೋಬೇಕು."

ಉದ್ಘೋಷಕಿ ಎಂಜಿನಿಯರನ ತೋಳು ಹಿಡಿದುಕೊಂಡಳು.

"ಯಾಕೆ ತಪ್ಪುತ್ತೆ ಸಾರ್? ಡ್ರೈವರೂ ರೇಡಿಯೋ ಕೇಳಿದ್ದ, ಹತ್ತೋರೂ ರೇಡಿಯೋ ಕೇಳಿದ್ರು. ಎಲ್ರೂ ಎದ್ದೆನೋ ಬಿದ್ದೆನೋ ಅಂತ ಓಡಿ ಬಂದ್ರು, ಆರಕ್ಕೇ ಬಸ್ಸು ಭರ್ತಿ, ನಿಲ್ಲೋಕೂ ಜಾಗ ಇರ್ಲಿಲ್ಲ." ಆ ಕಡೆಯ ದನಿ ತುಸು ಮೆತ್ತಗಾಯಿತು. "ಒಬ್ಬರಿಗೆ ಮಾತ್ರ ತಪ್ಪಿತು ನೋಡಿ. ಬ್ಯಾಗು ಹಿಡ್ಕೊಂಡು ಆರೂಕಾಲು ದಾಟಿದ ಮೇಲೆ ಆರಾಮಾಗಿ ಬಂದ್ರು. ಪಾಪ, ಅವರ ಮನೇಲಿ ರೇಡಿಯೋ ಇಲ್ಲ ಅಂತ ಕಾಣುತ್ತೆ."