ಚಟವಿಲ್ಲದವನ ಸಾಕ್ಷಿ

ಯುವ ಶಿಬಿರದ ಕೊನೆಯ ದಿನ ಪ್ರತಿಯೊಬ್ಬರೂ ಎದ್ದು ನಿಂತು, ದೇವರು ತಮ್ಮನ್ನು ಬದಲಿಸಿದ ಬಗೆಗೆ ಸಾಕ್ಷಿ ಹೇಳಬೇಕಿತ್ತು. ಕುಡಿತ ಬಿಟ್ಟವನಿಗೆ, ಜೂಜು ಬಿಟ್ಟವನಿಗೆ ಜೋರು ಚಪ್ಪಾಳೆ ಬಿತ್ತು. ಕೃಪಾಕರನಿಗೆ ತಲೆ ಚಿಟ್ಟುಹಿಡಿಯಿತು. ಬಿಡೋಣವೆಂದರೆ ಅವನಿಗೆ ಒಂದು ಚಟವೂ ಇರಲಿಲ್ಲ.

“ನಿಂದು ಯಾವಾಗ್ಲೂ ಎರಡೇ ಮಾತು. ಬೇಗ ಮುಗ್ಸೋ, ಆಮೇಲೆ ನಂದು,” ಎಂದು ಪಕ್ಕದಲ್ಲಿದ್ದ ಗೆಳೆಯ ಎಬೆನೇಜರ್ ಕೆಣಕಿದ.

ಕೃಪಾಕರ ರೇಗಿ ಎದ್ದವನೇ ಬಾಯಿಗೆ ಬಂದ ಸುಳ್ಳು ಹೇಳಿಬಿಟ್ಟ: “ಹೋದ ವರ್ಷ ಇಲ್ಲಿ ಸುಗುಣಕ್ಕನ ವಾಚು ಕದ್ದಿದ್ದು ನಾನೇ.”

ಶಿಬಿರ ನಡೆಸುತ್ತಿದ್ದ ಸುಗುಣಕ್ಕ ಕಣ್ಣೊರೆಸಿಕೊಂಡಳು. “ಕ್ಷಮಿಸಿದ್ದೀನಿ ಕಣಪ್ಪ,” ಎಂದಳು. ಎಲ್ಲರಿಗಿಂತ ದೊಡ್ಡ ಚಪ್ಪಾಳೆ ಅವನಿಗೇ ಸಿಕ್ಕಿತು.

ಎಬೆನೇಜರ್ ಅವನನ್ನು ಬಿಗಿಯಾಗಿ ತಬ್ಬಿಕೊಂಡು ಕಿವಿಯಲ್ಲಿ ಉಸುರಿದ: “ಉಳಿಸಿಬಿಟ್ಟೆ ಕಣೋ! ಇವತ್ತು ನಾನೇ ಒಪ್ಕೊಂಡುಬಿಡೋಣ ಅಂತಿದ್ದೆ.”