ಜೂನ್ ಹನ್ನೊಂದರ ಪಾಯಸ

ಎಲ್ಲರ ಹಾಗೆ ಫಾಲಾಕ್ಷನ ಮುಂಗೈ ಮೇಲೂ ಹುಟ್ಟುವಾಗಲೇ ಸಾಯುವ ತಾರೀಕು ಮೂಡಿತ್ತು: ಜೂನ್ ಹನ್ನೊಂದು. ವರ್ಷ ಯಾರಿಗೂ ಮೂಡುವುದಿಲ್ಲ. ಹಾಗಾಗಿ ಪ್ರತಿ ಜೂನ್ ಹನ್ನೊಂದಕ್ಕೆ ಆಫೀಸಿನವರು ರಜೆ ಕೊಡುತ್ತಿದ್ದರು, ಹರಿಹರದಿಂದ ಅಕ್ಕ ಕರಿಬಸಮ್ಮ ಬರುತ್ತಿದ್ದಳು, ಹೆಂಡತಿ ನೀಲಮ್ಮ ಶ್ಯಾವಿಗೆ ಪಾಯಸ ಮಾಡುತ್ತಿದ್ದಳು. ಯಾರ ತಾರೀಕೋ ಆ ದಿನ ಅವರನ್ನು ಯಾರೂ ಬೈಯುವಂತಿಲ್ಲ, ಅದು ಪದ್ಧತಿ.

ಈ ವರ್ಷದ ಜೂನ್ ಹನ್ನೊಂದರಂದೂ ರೇಡಿಯೋದಲ್ಲಿ ಈ ದಿನದ ವಿಶೇಷ ಘಟನೆ, ಜನನ, ಮರಣ ಓದುತ್ತಿದ್ದರು. ಮರಣದಲ್ಲಿ ಫಾಲಾಕ್ಷನ ಹೆಸರು ಬರಲಿಲ್ಲ. ದಿನ ಇನ್ನೂ ಮುಗಿದಿರಲಿಲ್ಲ.

ಪಾಯಸ ತಳ ಹಿಡಿದಿತ್ತು. ಅವನು ಸುಮ್ಮನೆ ತಿಂದ.

"ಸೀದು ಕರಕಲಾಗೈತಲ್ಲೋ! ಇವತ್ತು ನಿನ್ ದಿನ. ಅಕಿಗೆ ಒಂದ್ ಮಾತು ಬೈಯಬಾರ್ದಾ?" ಎಂದಳು ಅಕ್ಕ.

ಫಾಲಾಕ್ಷ ಅಡುಗೆಮನೆಯತ್ತ ನೋಡಿ ದನಿ ತಗ್ಗಿಸಿದ. "ಅಕಿ ಕೂಸಿದ್ದಾಗ ಬಾಣಂತಿ ಕೋಣೆಯಾಗ ಹೊಗೆ ಹಾಕೋವಾಗ ಕೈ ಮೇಲೆ ಕೆಂಡ ಬಿತ್ತಂತಕ್ಕ. ಯಾರೂ ಓದೋಕ್ ಮುಂಚೆನೇ ತಾರೀಕು ಅಳಿಸಿಹೋತು."

"ಹಂಗಾದ್ರೆ ಅಕಿ ದಿನ ಯಾವತ್ತು?"

"ಅದೇ ಗೊತ್ತಿಲ್ಲ. ನೀನೇ ಹೇಳಕ್ಕ, ಯಾವತ್ತು ಬೈಲಿ?"

ಕರಿಬಸಮ್ಮ ಗೋಡೆಯ ಕ್ಯಾಲೆಂಡರನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಬಟ್ಟಲು ಎತ್ತಿಕೊಂಡು ಅಡುಗೆಮನೆಗೆ ಕೂಗಿದಳು.

"ನೀಲಮ್ಮ, ಇನ್ನೊಂದೀಟು ಪಾಯಸ ಹಾಕವ್ವ. ಭಾಳ ರುಚಿ ಆಗೈತಿ."